ಕೋಟಿನೊಳಗೆ ಉಳಿದ ಸೂಜಿ

ಕಂಪೌಂಡರನಾದವನು ಕೈಗೆ ಸಿಕ್ಕಿದ ವಿದ್ಯೆಯನ್ನೆಲ್ಲ ಜನರ ಮೈಮೇಲೆ ಪ್ರಯೋಗಿಸಬಾರದು. ಇದು ನನಗೆ ತಿಳಿದದ್ದು ಯುದ್ಧದ ಕಾಲದ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆಗೆ. ಅದಕ್ಕೆ ಒಂದು ಗಂಟೆ ಮೊದಲು ಯಾರಾದರೂ ಹೀಗೆ ಬುದ್ಧಿ ಹೇಳಿದ್ದರೆ ನಾನು ಅವರ ಮೇಲೆಯೇ ಹರಿಹಾಯುತ್ತಿದ್ದೆ.

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗೆ ಆ ಕಾಫಿ ತೋಟ. ಅದರ ಡಿಸ್ಪೆನ್ಸರಿ ಎಂದರೆ ಒಂದು ಕೋಣೆ, ಒಂದು ಬೆಂಚು, ಕ್ವಿನೈನ್ ಮಿಕ್ಸ್ಚರಿನ ಎರಡು ದೊಡ್ಡ ಜಾಡಿ ಮತ್ತು ನಾನು. ಡಾಕ್ಟರರು ಕೊಪ್ಪದಲ್ಲಿದ್ದರು, ಶನಿವಾರ ಒಮ್ಮೆ ಬಂದು ನೋಡಿ ಹೋಗುವರು. ಉಳಿದ ಆರು ದಿನ ಚಳಿಜ್ವರ, ಕತ್ತಿ ಏಟು, ಹಾವು, ಹೆರಿಗೆ ಎಲ್ಲ ನನ್ನ ತಲೆಯ ಮೇಲೆ. ಅಷ್ಟೆಲ್ಲ ಹೊತ್ತವನಿಗೆ ತಾನೂ ಅರ್ಧ ಡಾಕ್ಟರ್ ಎಂಬ ಕೊಬ್ಬು ಬರುವುದು ಸಹಜ. ನನಗೆ ಮುಕ್ಕಾಲು ಬಂದಿತ್ತು.

ಆ ವರ್ಷ ಕಾಫಿ ಸ್ಟೋರಿನ ಅಟ್ಟ ರಿಪೇರಿ ಮಾಡಲು ಒಬ್ಬ ಬಡಗಿ ಬಂದ. ರಂಗೂನಿನ ಮೇಲೆ ಬಾಂಬು ಬಿದ್ದಾಗ ಕಾಡುದಾರಿಯಲ್ಲಿ ನಡೆದು ಬಂದು ಜೀವ ಉಳಿಸಿಕೊಂಡವನು. ಅಲ್ಲಿ ಚೀನೀ ಬಡಗಿಗಳ ಜೊತೆ ಬಹಳ ವರ್ಷ ದುಡಿದು ಅವರಿಂದ ಮರಗೆಲಸದ ಜೊತೆಗೆ ಇನ್ನೊಂದನ್ನೂ ಕಲಿತಿದ್ದ. ಕೂದಲಿಗಿಂತ ತುಸುವೇ ದಪ್ಪದ ಸೂಜಿಗಳನ್ನು ಮೈಗೆ ಚುಚ್ಚಿ ನೋವು ಇಳಿಸುವ ವಿದ್ಯೆ ಅದು. ಒಂದು ದಿನ ಕಲ್ಬತ್ತಿನಲ್ಲಿ ಔಷಧ ಅರೆದು ಅರೆದು ನನ್ನ ಕುತ್ತಿಗೆ ಹಿಡಿದುಕೊಂಡಿತ್ತು. ಅವನು ನನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಸೂಜಿ ಇಳಿಸಿ, ಮೆಲ್ಲಗೆ ತಿರುಪಿ, ಈಗ ಕತ್ತು ತಿರುಗಿಸು ಎಂದ. ಕತ್ತು ತಿರುಗಿತು. ಅವತ್ತಿನಿಂದ ನಾನು ಅವನ ಬೆನ್ನು ಬಿಡಲಿಲ್ಲ.

ಮೂರು ತಿಂಗಳು ಕಲಿಸಿದ. ಬಡಗಿಯಲ್ಲವೇ, ಅವನ ಪಾಠವೆಲ್ಲ ಅಳತೆಯದ್ದೇ.

"ಅಳತೆ ನಿನ್ನ ಬೆರಳಲ್ಲಿ ತೆಗೀಬೇಡ ಮಾರಾಯ. ಮಲಗಿದವನ ಹೆಬ್ಬೆರಳಿನ ಅಗಲವೇ ಅವನಿಗೆ ಗಜ. ಸಣಕಲನಿಗೆ ಸಣ್ಣ ಗಜ, ದಡಿಯನಿಗೆ ದೊಡ್ಡ ಗಜ" ಎನ್ನುತ್ತಿದ್ದ. ಭುಜದ ವಿಷಯ ಬಂದಾಗ ಮಾತ್ರ ಅವನ ದನಿ ತಗ್ಗುತ್ತಿತ್ತು. "ಕುತ್ತಿಗೆಗೂ ಭುಜದ ತುದಿಗೂ ಮಧ್ಯೆ ಗಂಟು ಕಟ್ಟತದಲ್ಲ, ಅಲ್ಲಿ ಮಾಂಸ ಚಿವುಟಿ ಎತ್ತಿ ಹಿಡಿ. ಸೂಜಿ ಅಡ್ಡ ಹೋಗಬೇಕು, ಕೆಳಗೆ ಇಳೀಬಾರದು. ಕೆಳಗೇ ಉಸಿರಿನ ಚೀಲ ಉಂಟು. ಸೂಜಿ ಇದ್ದಷ್ಟು ಹೊತ್ತು ಅವ ಅಲುಗಬಾರದು. ಅಲುಗುವವನಿಗೆ ಹಾಕಲೇಬೇಡ."

ಅಟ್ಟದ ಕೆಲಸ ಮುಗಿದ ಮೇಲೆ ಸೀತೂರಿನ ಕಡೆ ಯಾರದೋ ಮನೆ ಕಟ್ಟಲು ಹೋದ. ಹೋಗುವಾಗ ಬಿದಿರಿನ ಕೊಳವೆಯಲ್ಲಿ ಆರು ಸೂಜಿ ಹಾಕಿ ನನ್ನ ಕೈಗಿಟ್ಟ. ನಾನು ಹತ್ತಾರು ಜನರಿಗೆ ಹಾಕಿದೆ. ಯಾರಿಗೂ ಕೇಡಾಗಲಿಲ್ಲ, ಹಲವರಿಗೆ ಗುಣವೂ ಆಯಿತು. ಡಾಕ್ಟರರಿಗೆ ಮಾತ್ರ ಹೇಳಲಿಲ್ಲ. ಶನಿವಾರ ಬಂತೆಂದರೆ ಕೊಳವೆ ಕ್ವಿನೈನ್ ಜಾಡಿಯ ಹಿಂದೆ ಹೋಗಿ ಕೂರುತ್ತಿತ್ತು. ತೋಟದ ದೊರೆಗೂ ಹೇಳಲಿಲ್ಲ. ನಾಟಿ ಮದ್ದು, ಬರೆ, ಮಂತ್ರ ಯಾವುದೂ ಡಿಸ್ಪೆನ್ಸರಿಯ ಹೊಸ್ತಿಲು ದಾಟಕೂಡದು ಎಂದು ಆತ ಮೊದಲ ದಿನವೇ ನನಗೆ ಕಟ್ಟಪ್ಪಣೆ ಮಾಡಿದ್ದ.

ಕೊಯ್ಲು ಜೋರಾಗಿದ್ದಾಗ ಸರ್ಕಾರದಿಂದ ರೇಷನ್ನಿನ ಹುಕುಂ ಬಂತು. ಕೂಲಿಗಳ ಸಾಲುಮನೆಗಳಲ್ಲಿ, ಅಂದರೆ ಲೈನುಗಳಲ್ಲಿ, ಇರುವ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಊರು, ಮನೆಯಲ್ಲಿ ಎಷ್ಟು ಜನ, ಮಕ್ಕಳೆಷ್ಟು ಎಲ್ಲ ಪಟ್ಟಿ ಮಾಡಿ ಮೂರು ಪ್ರತಿ ಕೊಡಬೇಕು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಅಕ್ಕಿಯಿಲ್ಲ. ತೋಟದಲ್ಲಿ ಅಕ್ಷರ ದುಂಡಗೆ ಬರೆಯಬಲ್ಲವರು ಒಬ್ಬರೇ, ನಮ್ಮ ಹೆಡ್ ರೈಟರ್. ಐವತ್ತರ ಹತ್ತಿರದ, ಸೌದೆ ಸೀಳಿನಂಥ ಮನುಷ್ಯ. ಹರಿಹರಪುರದ ಕಡೆಯವರು. ಗಂಡ ಹೆಂಡತಿ ಇಬ್ಬರೇ ಆಫೀಸಿನ ಹಿಂದಿನ ಮನೆಯಲ್ಲಿದ್ದರು.

ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಇಳಿಜಾರಿನ ಮರದ ಡೆಸ್ಕನ್ನು ತೊಡೆಯ ಮುಂದೆ ಎಳೆದುಕೊಂಡು ಬರೆಯುವರು. ಕಾಗದ ಮೊಳದಷ್ಟು ಅಗಲ. ಬಲಗಡೆಯ ಕಾಲಂ ತಲುಪುವ ಹೊತ್ತಿಗೆ ಭುಜ ಕಿವಿಯವರೆಗೆ ಏರುತ್ತಿತ್ತು. ಹತ್ತು ದಿನ ಹೀಗೆ ಬೆಳಗಿನಿಂದ ಸಂಜೆಯವರೆಗೆ ಬರೆದು ಅವರ ಬಲಭುಜ ಕಲ್ಲಾಯಿತು. ಮುಟ್ಟಿದರೆ ಅಡಿಕೆಯ ಗಾತ್ರದ ಗಂಟು. ನೋವು ತಲೆಯ ಹಿಂದಕ್ಕೆ ಏರಿ, ಕಣ್ಣು ಮಂಜಾಗಿ, ಕೊನೆಗೆ ಕಿರುಬೆರಳು ಜೋಮು ಹಿಡಿಯತೊಡಗಿತು. ಎಣ್ಣೆ ತಿಕ್ಕಿದ್ದಾಯಿತು, ಉಪ್ಪಿನ ಶಾಖ ಕೊಟ್ಟದ್ದಾಯಿತು, ಡಿಸ್ಪೆನ್ಸರಿಯ ಲಿನಿಮೆಂಟು ಅರ್ಧ ಬಾಟಲಿ ಖಾಲಿಯಾಯಿತು.

"ಕಂಪೌಂಡ್ರೆ, ನಿಮ್ಮತ್ರ ಎಂತದೋ ಸೂಜಿ ಉಂಟಂತಲ್ಲ" ಎಂದರು ಒಂದು ದಿನ.

ಶುಕ್ರವಾರ ಹಾಕಿದೆ. ಬೆಂಚಿನ ಮೇಲೆ ಬೋರಲು ಮಲಗಿಸಿ, ಅವರ ಹೆಬ್ಬೆರಳಿನ ಅಗಲವನ್ನು ಅಡಿಕೆ ಹಾಳೆಯ ತುಂಡಿನಲ್ಲಿ ಗುರುತು ಮಾಡಿಕೊಂಡೆ. ಸೂಜಿ ಕುದಿಸಿ, ಸ್ಪಿರಿಟಿನಲ್ಲಿ ಒರೆಸಿ, ಎಷ್ಟು ಆಳಕ್ಕೆ ಹೋಗಬೇಕೋ ಅಲ್ಲಿಗೆ ಕೆಂಪು ನೂಲು ಕಟ್ಟಿದೆ. ತಲೆಬುರುಡೆಯ ಬುಡದಲ್ಲಿ ಎರಡು, ಕೈಯಲ್ಲಿ ಒಂದು, ಭುಜದ ಗಂಟಿಗೆ ಒಂದು. ಭುಜದಲ್ಲಿ ಚಿವುಟಿ ಎತ್ತಲು ಮಾಂಸವೇ ಸರಿಯಾಗಿ ಸಿಗಲಿಲ್ಲ. ಬಡಗಿ ಇದ್ದಿದ್ದರೆ ಅಲ್ಲಿಗೇ ಬಿಡು ಎನ್ನುತ್ತಿದ್ದನೋ ಏನೋ. ನಾನು ಬಿಡಲಿಲ್ಲ. ಸೂಜಿಯನ್ನು ತಿರುಪಿದಾಗ ಗಂಟು ಚರ್ಮದಡಿಯಲ್ಲಿ ಪಟಪಟ ಹಾರಿ ಸಡಿಲಾಯಿತು. ರೈಟರ್ರು ಕಣ್ಣುಮುಚ್ಚಿ "ಅಬ್ಬಾ" ಎಂದರು. ಅರ್ಧ ಗಂಟೆಯ ನಂತರ ಎದ್ದು ಕತ್ತನ್ನು ಅತ್ತಿತ್ತ ತಿರುಗಿಸಿ, ಇದೊಂದು ಮೊದಲೇ ಮಾಡಬಾರದಿತ್ತಾ ಎಂದು ನನ್ನನ್ನೇ ಬೈದರು.

ಸೋಮವಾರಕ್ಕೆ ನೋವು ಮತ್ತೆ ಬಂತು, ಮೊದಲಿಗಿಂತ ಹೆಚ್ಚು. ಬರೆಯುತ್ತಿದ್ದಂತೆ ಪೆನ್ನು ಬೆರಳಿನಿಂದ ಜಾರಿ ಹಾಳೆಯ ಮೇಲೆ ಶಾಯಿ ಚೆಲ್ಲಿ ಇಡೀ ಪುಟ ಹಾಳಾಯಿತು. ಪಟ್ಟಿ ಬುಧವಾರ ಬೆಳಿಗ್ಗೆ ಹೋಗಲೇಬೇಕು, ಇನ್ನೂ ಎರಡು ಲೈನಿನ ಜನ ಬಾಕಿ. ಮಂಗಳವಾರ ಊಟದ ಹೊತ್ತು ಕಳೆದ ಮೇಲೆ ಅವರ ಕರೆ ಬಂತು. ಬೆಂಚಿನ ಮೇಲೆ ಅರ್ಧ ಗಂಟೆ ಮಲಗುವುದಕ್ಕೆ ಅವರು ಸುತರಾಂ ಒಪ್ಪಲಿಲ್ಲ.

"ಮಲಗಿದ್ರೆ ಪಟ್ಟಿ ಮುಗಿಯೂದಿಲ್ಲ ಮಾರಾಯ್ರೆ. ಕೂತಲ್ಲೇ ಚುಚ್ಚಿ. ನಾನು ಬರೀತಾ ಇರ್ತೆ."

"ಅಲುಗಬಾರದು ರೈಟರ್ರೆ."

"ಅಲುಗೂದು ಬೆರಳು ಮಾತ್ರ. ಭುಜ ಎಲ್ಲಿಗೆ ಹೋಗ್ತದೆ?"

ಈ ವಾದ ನನಗೂ ಸರಿಯೆನಿಸಿತು. ಸರಿಯೆನಿಸಲಿ ಎಂಬ ಆಸೆಯೂ ಇತ್ತು, ಯಾಕೆಂದರೆ ಬರೆಯುತ್ತಿರುವ ರೈಟರಿಗೆ ಕೂತಲ್ಲೇ ನೋವು ಇಳಿಸಿದ ಕಂಪೌಂಡರ್ ಎಂದರೆ ನಾಲ್ಕು ತೋಟಕ್ಕೆ ಹೆಸರು ಹಬ್ಬುತ್ತದೆ. ಅವರ ಕೋಟು ಗೋಡೆಯ ಮೊಳೆಯಲ್ಲಿತ್ತು. ಅಂಗಿ ಬಿಚ್ಚಿಸಿ, ಭುಜದ ಗಂಟಿಗೆ ಒಂದೇ ಸೂಜಿ ಹಾಕಿದೆ. ನೂಲಿನ ಗಂಟು ಚರ್ಮದ ಮೇಲೆ ಸರಿಯಾಗಿ ಕೂತಿತು. ಅವರು ಬರೆಯತೊಡಗಿದರು. ಐದು ನಿಮಿಷ ನೋಡಿದೆ, ಏನೂ ತೊಂದರೆಯಿಲ್ಲ. ಅಷ್ಟರಲ್ಲಿ ಕಾಫಿ ಕಣದಲ್ಲಿ ಯಾರಿಗೋ ಕಾಲಿಗೆ ಗಾಜು ಹೊಕ್ಕಿದೆ ಎಂದು ಕೂಗಿದರು. ಹತ್ತು ನಿಮಿಷದಲ್ಲಿ ಬಂದೆ ಎಂದು ಹೇಳಿ ಹೋದೆ.

ಗಾಜು ತೆಗೆದು ಬ್ಯಾಂಡೇಜು ಸುತ್ತುತ್ತಿದ್ದಾಗ ದೊರೆಯ ಕಾರಿನ ಸದ್ದು ಕೇಳಿತು. ಅವನು ಬರಬೇಕಾದದ್ದು ಸಂಜೆ. ಪಟ್ಟಿ ನೋಡಲು ಬಂದ ಒಬ್ಬ ಅಧಿಕಾರಿಯನ್ನೂ ಕೂರಿಸಿಕೊಂಡು ಬಂದಿದ್ದ. ಕಣದಿಂದ ಆಫೀಸಿನ ಕಿಟಕಿ ಕಾಣುತ್ತಿತ್ತು. ರೈಟರ್ರು ಧಡಕ್ಕನೆ ಎದ್ದರು. ಕೋಟಿಲ್ಲದೆ ದೊರೆಯ ಮುಂದೆ ನಿಂತ ರೈಟರ್ ನಮ್ಮ ಕಡೆಯ ಯಾವ ತೋಟದಲ್ಲೂ ಇರಲಿಲ್ಲ. ಮೂವತ್ತು ವರ್ಷದ ಅಭ್ಯಾಸ, ಕಾರಿನ ಸದ್ದಿಗೆ ಕೈ ತಾನಾಗಿ ಮೊಳೆಗೆ ಹೋಯಿತು. ಅಂಗಿಯನ್ನೂ ಹಾಕದೆ ಬರಿಮೈಯ ಮೇಲೆಯೇ ಕೋಟು. ಬಲಗೈ ತೋಳಿನೊಳಗೆ ಹೋಗಿ, ಭುಜ ಒಮ್ಮೆ ಕುಲುಕಿ, ಕತ್ತಿನವರೆಗೆ ಗುಂಡಿ ಬಿತ್ತು.

ನಾನು ಓಡಿದೆ. ಜಗಲಿಯ ಮೆಟ್ಟಿಲು ಹತ್ತುವಷ್ಟರಲ್ಲಿ ದೊರೆಯೂ ಅಧಿಕಾರಿಯೂ ಒಳಗೆ ಹೋಗಿದ್ದರು. ಬಾಗಿಲ ಹೊರಗೆ ನಿಂತೆ. ಒಳಗೆ ಹೋಗಿ, ಕೋಟು ಬಿಚ್ಚಿ, ಸೂಜಿ ಉಂಟು ಎಂದು ಹೇಳಲು ನಾಲ್ಕು ಹೆಜ್ಜೆ ಸಾಕಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ರೈಟರ್ರು ನನ್ನನ್ನು ನೋಡಿದರು, ನೋಡಿ ಕಣ್ಣು ತಪ್ಪಿಸಿದರು. ಅವರೂ ನನಗಾಗಿ ಸುಮ್ಮನಿದ್ದರೋ ತಮ್ಮ ಮರ್ಯಾದೆಗಾಗಿಯೋ, ಇವತ್ತಿಗೂ ತಿಳಿಯದು. ಹಾಳೆಗಳ ಕಟ್ಟು ಎತ್ತಿ ಮೇಜಿನ ಮೇಲಿಟ್ಟರು. ಮತ್ತೊಂದು ಕಟ್ಟು ಎತ್ತಿದರು. ಕಪಾಟಿನ ಮೇಲಿನ ಖಾನೆಯಿಂದ ಹಳೇ ಪಟ್ಟಿ ತೆಗೆಯಲು ಬಲಗೈ ಚಾಚಿದಾಗ ಅವರ ಮುಖ ಒಂದು ಕ್ಷಣ ಹಿಂಡಿದಂತಾಯಿತು, ಆಮೇಲೆ ಒಂದು ಸಣ್ಣ ಒಣ ಕೆಮ್ಮು. ಕಾಲು ಗಂಟೆ ನಾನು ಹೊರಗೆ ಕಂಬ ಹಿಡಿದುಕೊಂಡು ಆ ಕೆಮ್ಮನ್ನು ಕೇಳುತ್ತ ನಿಂತಿದ್ದೆ. ಹೇಡಿತನ ಎಂದರೆ ಇದೇ. ಇದಕ್ಕೆ ಬೇರೆ ಹೆಸರು ಕೊಟ್ಟು ನಾನು ನನ್ನನ್ನು ಸಮಾಧಾನ ಮಾಡಿಕೊಂಡಿಲ್ಲ.

ಕಾರು ಹೋದ ಮೇಲೆ ಕೋಟು ಬಿಚ್ಚಿದೆ. ಕೆಂಪು ನೂಲು ಕಾಣಲಿಲ್ಲ. ಸೂಜಿ ಹಿಡಿಕೆಯವರೆಗೆ ಒಳಗೆ ಇಳಿದಿತ್ತು. ಎಳೆದಾಗ ಬಿಲ್ಲಿನಂತೆ ಬಾಗಿ ಹೊರಬಂತು, ರಕ್ತ ಒಂದು ಹನಿಯೂ ಇಲ್ಲ.

"ಎಂತ ಆಗ್ತದೆ ರೈಟರ್ರೆ?"

"ಎಂತ ಇಲ್ಲ. ಒಳಗೆ ಎಲ್ಲೋ ಚುಳ್ ಅಂತು. ನಿಮ್ಮ ಮುಖ ಯಾಕೆ ಹೀಗೆ ಸುಣ್ಣ ಆಗಿದೆ?"

ಮನೆಗೆ ಹೋಗಿ ಮಲಗಿ ಎಂದೆ. ಅವರು ಕೊನೆಯ ಪುಟ ಮುಗಿಸಿ, ಮರಳು ಉದುರಿಸಿ ಶಾಯಿ ಒಣಗಿಸಿ, ದಾರ ಕಟ್ಟಿಯೇ ಎದ್ದರು. ನಾನು ಡಿಸ್ಪೆನ್ಸರಿಯ ದಿನಚರಿ ಪುಸ್ತಕದಲ್ಲಿ ಕಾಲಿನ ಗಾಜು ಬರೆದೆ. ಸೂಜಿ ಬರೆಯಲಿಲ್ಲ.

ಬುಧವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅವರ ಹೆಂಡತಿ ಬಂದು ನಿಂತಿದ್ದರು.

"ಕಂಪೌಂಡ್ರೆ, ಇವರಿಗೆ ಮಲಗಲಿಕ್ಕೇ ಆಗೂದಿಲ್ಲ. ಗೋಡೆಗೆ ಒರಗಿ ಕೂತಿದಾರೆ. ಉಸಿರು ಅರ್ಧಕ್ಕೇ ನಿಲ್ತದೆ ಅಂತಾರೆ."

ಹೋಗಿ ನೋಡಿದೆ. ಎದೆಯ ಎಡಭಾಗ ಏರಿ ಇಳಿಯುತ್ತಿತ್ತು, ಬಲಭಾಗ ಉಬ್ಬಿದಂತೆಯೇ ನಿಂತಿತ್ತು. ಬೆರಳಿಟ್ಟು ತಟ್ಟಿದೆ. ಹಲಸಿನಕಾಯಿ ಬಲಿತಿದೆಯೋ ಎಂದು ತಟ್ಟಿ ನೋಡುವಂತೆಯೇ ಈ ಪರೀಕ್ಷೆ. ಎಡಗಡೆ ಸರಿಯಾದ ಸದ್ದು. ಬಲಗಡೆ ಖಾಲಿ ಡಬ್ಬದ ಸದ್ದು. ಹಿಂದೆ ಒಂದು ದೊಡ್ಡ ಆಸ್ಪತ್ರೆಯ ಕ್ಷಯದ ವಾರ್ಡಿನಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗಲಿ ಎಂದು ಬೇಕೆಂದೇ ಎದೆಗೂಡಿಗೆ ಗಾಳಿ ತುಂಬುತ್ತಿದ್ದರು. ಆ ಸದ್ದು ನನ್ನ ಬೆರಳಿಗೆ ಚೆನ್ನಾಗಿ ಗೊತ್ತು. ಶ್ವಾಸಕೋಶಕ್ಕೆ ತೂತು ಬಿದ್ದು ಗಾಳಿ ಎದೆಗೂಡಿನಲ್ಲಿ ಸೇರುತ್ತಿದೆ. ಸೇರುತ್ತಲೇ ಹೋದರೆ ಹೃದಯವನ್ನೇ ಪಕ್ಕಕ್ಕೆ ಒತ್ತಿ ಮನುಷ್ಯನನ್ನು ಮುಗಿಸುತ್ತದೆ.

ಡಾಕ್ಟರರು ಅವತ್ತು ನರಸಿಂಹರಾಜಪುರದಲ್ಲಿ, ಮಲೇರಿಯಾ ಕೆಲಸದ ಮೇಲೆ. ಮಧ್ಯಾಹ್ನದ ಬಸ್ಸಿಗೆ ವಾಪಸು. ಬೆಳಗಿನ ಬಸ್ಸಿನ ಡ್ರೈವರನ ಕೈಯಲ್ಲಿ ಚೀಟಿ ಕೊಟ್ಟರೆ ಅವರಿಗೆ ತಲುಪುತ್ತದೆ. ಚೀಟಿ ಬರೆದೆ: 'ಹೆಡ್ ರೈಟರಿಗೆ ಉಸಿರಾಟದ ತೊಂದರೆ, ನ್ಯುಮೋನಿಯ ಇರಬಹುದು.' ತೋಟದ ಟಪ್ಪಾಲಿನವನು ಅದನ್ನೂ ರೇಷನ್ ಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟ.

ಅವನು ಗೇಟು ದಾಟಿದ ಮೇಲೆ ನನಗೆ ಹೊಳೆಯಿತು. ನ್ಯುಮೋನಿಯ ಎಂದು ಓದಿದ ಡಾಕ್ಟರರು ಮಾತ್ರೆ ಹಿಡಿದುಕೊಂಡು ಬರುತ್ತಾರೆ. ಗಾಳಿ ತೆಗೆಯುವ ಸಾಮಾನು ತರುವುದಿಲ್ಲ. ನನ್ನ ಅನ್ನಕ್ಕಾಗಿ ನಾನು ಬರೆದ ಆ ಒಂದು ಪದ ರೈಟರ್ರ ಕೊರಳಿಗೆ ಉರುಳು. ಓಡಿ ಟಪ್ಪಾಲಿನವನನ್ನು ತೊರೆಯ ಕಾಲುಸಂಕದ ಹತ್ತಿರ ಹಿಡಿದು, ಚೀಟಿ ಕಿತ್ತುಕೊಂಡು, ಅವನ ಬೆನ್ನ ಮೇಲೆಯೇ ಕಾಗದವಿಟ್ಟು ಬೇರೆ ಬರೆದೆ: 'ಭುಜದ ನೋವಿಗೆ ನಾನು ಹಾಕಿದ ಸೂಜಿ ಬಲ ಶ್ವಾಸಕೋಶಕ್ಕೆ ಹೊಕ್ಕಿದೆ. ಗಾಳಿ ಸೇರಿದೆ. ತಪ್ಪು ನನ್ನದು. ಎದೆಗೆ ಹಾಕುವ ಸೂಜಿ, ರಬ್ಬರ್ ಕೊಳವೆ ತನ್ನಿ. ನಾವು ಕೈಮರದ ಹತ್ತಿರ ಕಾಯುತ್ತೇವೆ.' ಬರೆದ ಮೇಲೆ ಉಸಿರಾಡುವುದು ನನಗೇ ಸುಲಭವಾಯಿತು.

ಹನ್ನೊಂದು ಗಂಟೆಗೆ ಕುರ್ಚಿಗೆ ಎರಡು ಬಿದಿರು ಕಟ್ಟಿ, ಕೂರಿಸಿಕೊಂಡೇ ನಾಲ್ಕು ಜನ ಹೊತ್ತರು. ನಾನು ನಮ್ಮಲ್ಲಿದ್ದ ಅತಿ ದಪ್ಪದ ಇಂಜೆಕ್ಷನ್ ಸೂಜಿ, ಎನಿಮಾದ ರಬ್ಬರ್ ಕೊಳವೆ, ಒಂದು ಬಾಟಲಿ ಎಲ್ಲ ಕುದಿಸಿ ಬಟ್ಟೆಯಲ್ಲಿ ಸುತ್ತಿಕೊಂಡೆ. ಕುದಿಸುವಾಗ ಇದರ ಅಗತ್ಯ ಬೀಳದಿರಲಿ ಎಂದು ಕಂಡ ದೇವರನ್ನೆಲ್ಲ ಬೇಡಿಕೊಂಡೆ.

ತೋಟದ ದಾರಿ ಬಸ್ಸಿನ ರಸ್ತೆ ಸೇರುವ ಕೈಮರದಲ್ಲಿ ಮಾವಿನ ಮರದ ಕೆಳಗೆ ಕುರ್ಚಿ ಇಳಿಸಿದೆವು. ಬಸ್ಸು ಒಂದೂವರೆಗೆ ಬರಬೇಕು. ಎರಡಾಯಿತು. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ನೂಕಬೇಕು. ಎರಡೂವರೆಗೆ ರೈಟರ್ರ ತುಟಿ ನೇರಳೆಯಾಯಿತು. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು. ಗಂಟಲಿನ ಗುಳಿಯಲ್ಲಿ ಬೆರಳಿಟ್ಟು ನೋಡಿದೆ, ಶ್ವಾಸನಾಳ ನಡುವಿನಿಂದ ಎಡಕ್ಕೆ ಸರಿದಿತ್ತು. ಇನ್ನು ಕಾಯುವ ಹಾಗಿರಲಿಲ್ಲ.

ಬಟ್ಟೆ ಬಿಚ್ಚಿ ಸೂಜಿ ತೆಗೆದೆ. ಅವರ ಹೆಂಡತಿ ನನ್ನ ಮಣಿಕಟ್ಟು ಹಿಡಿದರು.

"ಮತ್ತೆ ಸೂಜಿಯಾ? ನಿನ್ನೆಯದ್ದು ಸಾಲಲಿಲ್ವಾ ನಿಮಗೆ?"

"ಅಕ್ಕ, ನಿನ್ನೆಯದ್ದು ನನ್ನ ತಪ್ಪು. ಇದು ಹಾಕದಿದ್ರೆ ಬಸ್ಸು ಬರುವಷ್ಟರಲ್ಲಿ ಇವರಿರೂದಿಲ್ಲ."

ಆ ಹೆಂಗಸು ನನ್ನ ಕೈ ಬಿಡಲಿಲ್ಲ. ರೈಟರ್ರು ಮಾತಾಡಲಾರದೆ ಅವರ ಕಡೆ ನೋಡಿ ರೆಪ್ಪೆ ಮುಚ್ಚಿ ತೆಗೆದರು. ಆಗ ಬಿಟ್ಟರು.

ಕೊರಳ ಎಲುಬಿನ ನಡುಮಧ್ಯದಿಂದ ಕೆಳಗೆ ಪಕ್ಕೆಲುಬು ಎಣಿಸಿದೆ. ಎರಡನೆಯದರ ಕೆಳಗಿನ ಸಂದು, ಮೂರನೆಯದರ ಮೇಲಂಚಿಗೆ ತಾಗಿಕೊಂಡಂತೆ. ಎಲುಬಿನ ಕೆಳಂಚಿನಲ್ಲಿ ರಕ್ತನಾಳವಿರುತ್ತದೆ, ಅದನ್ನು ಮುಟ್ಟಬಾರದು. ಕೊಳವೆಯ ಒಂದು ತುದಿಯನ್ನು ಸೂಜಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಿ ಹೊತ್ತು ತಂದವನೊಬ್ಬನಿಗೆ ಹಿಡಿಯಲು ಹೇಳಿದೆ. ಎಡಗೈಯಿಂದ ಬಲಗೈ ಹಿಡಿದುಕೊಂಡು ಒತ್ತಿದೆ. ಚರ್ಮ, ಮಾಂಸ, ಆಮೇಲೆ ಒಂದು ಸಣ್ಣ ತಡೆ. ತಡೆ ಸಡಿಲಾದ ಕೂಡಲೇ ಬಾಟಲಿಯ ನೀರು ಬುಳುಬುಳು ಕುದಿದಂತೆ ಗುಳ್ಳೆಯೆದ್ದಿತು. ಗುಳ್ಳೆ ನಿಲ್ಲಲೇ ಇಲ್ಲ. ಅವರ ಎದೆಯಲ್ಲಿ ಅಷ್ಟು ಗಾಳಿ ನಾನು ತುಂಬಿಸಿದ್ದೆ. ಸ್ವಲ್ಪ ಹೊತ್ತಿನಲ್ಲಿ ತುಟಿಯ ನೇರಳೆ ಇಳಿಯಿತು. ರೈಟರ್ರು ಒಂದು ದೀರ್ಘ ಉಸಿರು ಎಳೆದರು. ನಾನು ಮರದ ಬುಡದಲ್ಲಿ ಕುಸಿದು ಕೂತು ಅತ್ತೆ.

ಮೂರೂವರೆಗೆ ಬಸ್ಸು ಬಂತು. ಡಾಕ್ಟರರು ಚೀಟಿ ಕೈಯಲ್ಲಿ ಹಿಡಿದೇ ಇಳಿದರು. ಎಲ್ಲ ನೋಡಿ, ಸೂಜಿ ಭದ್ರವಾಗಿ ಕಟ್ಟಿ, ಬಸ್ಸಿನಲ್ಲೇ ಕೊಪ್ಪಕ್ಕೆ ಕರೆದುಕೊಂಡು ಹೋದರು. ನನಗೆ ಹೇಳಿದ್ದು ಒಂದೇ ಮಾತು: "ಚೀಟಿಯಲ್ಲಿ ಹೀಗೆ ಬಿಚ್ಚಿ ಬರೆಯದೆ ಇದ್ದಿದ್ರೆ ನಾನು ನಾಳೆ ಬರೋಣ ಅಂತಿದ್ದೆ."

ದಿನಚರಿ ಪುಸ್ತಕದಲ್ಲಿ ನಡೆದದ್ದನ್ನು ನಡೆದಂತೆ ಬರೆದು ದೊರೆಯ ಮುಂದಿಟ್ಟೆ. ಅವನು ಓದಿ, ಸೂಜಿಯ ಕೊಳವೆಯನ್ನು ತನ್ನ ಡ್ರಾಯರಿಗೆ ಹಾಕಿ ಬೀಗ ಹಾಕಿದ. ಯುದ್ಧದ ಕಾಲದಲ್ಲಿ ಇನ್ನೊಬ್ಬ ಕಂಪೌಂಡರ್ ಸಿಗುವುದು ಕಷ್ಟವೆಂದು ನನ್ನನ್ನು ಉಳಿಸಿಕೊಂಡ. ಮೂರು ವಾರದ ಮೇಲೆ ರೈಟರ್ರು ನಡೆದುಕೊಂಡು ವಾಪಸು ಬಂದರು. ಇಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ.

ಆದರೆ ಕುರ್ಚಿ ಹೊತ್ತ ನಾಲ್ಕು ಜನ ಲೈನಿಗೆ ಹೋಗಿ ಬೇರೆಯೇ ಹೇಳಿದ್ದರು. ಸತ್ತೇ ಹೋಗಿದ್ದ ರೈಟರನ್ನು ಕಂಪೌಂಡರು ಕೈಮರದ ಹತ್ತಿರ ಒಂದು ಸೂಜಿ ಚುಚ್ಚಿ ಎಬ್ಬಿಸಿದರಂತೆ. ಎದೆಯೊಳಗಿನ ಕೆಟ್ಟ ಗಾಳಿ ಬಾಟಲಿಗೆ ಬಂದು ಬಿತ್ತಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬೆನ್ನು ಹಿಡಿದವರು, ಮಂಡಿ ಊದಿದವರು, ದಮ್ಮಿನವರು ಎಲ್ಲ ಡಿಸ್ಪೆನ್ಸರಿಯ ಮುಂದೆ ಕೂತರು. ಸೂಜಿಯಿಂದಲೇ ರೈಟರ್ರು ಸಾಯುತ್ತಿದ್ದದ್ದು ಎಂದು ನಾನು ಬಾಯಿ ಬಡಿದುಕೊಂಡೆ. ಕಂಪೌಂಡ್ರಿಗೆ ದೊರೆಯ ಹೆದರಿಕೆ ಎಂದು ಅವರವರೇ ಮಾತಾಡಿಕೊಂಡರು.

ಮೂಟೆ ಹೊಲಿಯುವ ಕಾಲ ಬಂತು. ಒಂದು ಮಧ್ಯಾಹ್ನ ಸ್ಟೋರಿನ ಹಿಂದೆ ಜನ ಸಾಲಾಗಿ ಕೂತಿದ್ದು ಕಂಡು ಹೋದೆ. ಗೋಣಿ ಹೊಲಿಸುವ ಮೇಸ್ತ್ರಿ ಕೆಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ದಬ್ಬಳದ ತುದಿ ಕಾಯಿಸುತ್ತಿದ್ದ. ಅವನ ಮುಂದಿನ ಮಣೆಯ ಮೇಲೆ ಅಂಗಿ ಬಿಚ್ಚಿ ಕೂತವರು ರೈಟರ್ರು. ಎದೆಯ ಮೇಲೆ ನನ್ನ ಸೂಜಿಯ ಗುರುತು ಇನ್ನೂ ಕೆಂಪಗಿತ್ತು.

"ಎಂತ ಇದು?" ಎಂದು ಕಿರುಚಿದೆ.

"ನಿಮ್ಮ ವಿದ್ಯೆಯೇ ಅಲ್ವಾ ಕಂಪೌಂಡ್ರೆ. ನೀವು ಬಿಟ್ಟ ಮೇಲೆ ಜನಕ್ಕೆ ಯಾರಾದ್ರೂ ಬೇಕಲ್ಲ" ಎಂದ ಮೇಸ್ತ್ರಿ, ಬಹಳ ಮರ್ಯಾದೆಯಿಂದ.

"ರೈಟರ್ರೆ, ನಿಮಗಾದ್ರೂ ಗೊತ್ತಲ್ಲ. ಆ ದಿನ ಎಂತ ಆಯ್ತು ಅಂತ ಇವರಿಗೆ ಹೇಳಿ."

"ಆ ದಿನ ಕೋಟು ಹಾಕಿದ್ದು ನನ್ನ ತಪ್ಪು ಮಾರಾಯ್ರೆ. ನನ್ನ ಉಳಿಸಿದ್ದು ಸೂಜಿಯೇ. ಮತ್ತೆ ಪಟ್ಟಿ ಬಂದಿದೆ, ಕೈ ಏಳೂದಿಲ್ಲ" ಎಂದು ಹೇಳಿ ರೈಟರ್ರು ಮೇಸ್ತ್ರಿಯ ಕಡೆಗೆ ಭುಜ ತಿರುಗಿಸಿದರು.

ನಾನು ಮುನ್ನುಗ್ಗಿ ದಬ್ಬಳ ಕಿತ್ತುಕೊಂಡೆ. ಅಂಗೈ ಸುಟ್ಟಿತು, ಬಿಡಲಿಲ್ಲ. ಮೇಸ್ತ್ರಿಗೆ ಸಿಟ್ಟೇನೂ ಬರಲಿಲ್ಲ. ಪಕ್ಕದ ಗೋಣಿಗಳ ರಾಶಿಗೆ ಸಾಲಾಗಿ ಸಿಕ್ಕಿಸಿದ್ದ ದಬ್ಬಳಗಳಲ್ಲಿ ಇನ್ನೊಂದನ್ನು ಎಳೆದು ಕೆಂಡದ ಮೇಲೆ ಹಿಡಿದ.